ಬಚ್ಚಲುಮನೆಯ ಗೂಡು

ಟೆಸ್ಟರಣ್ಣ ಎಂದರೆ ಆ ಬೀದಿಗೆಲ್ಲ ಗೊತ್ತು. ಅಂಗಿಯ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಕರೆಂಟು ನೋಡುವ ಟೆಸ್ಟರ್ ಇರಲೇಬೇಕು. ಮದುವೆಮನೆಗೆ ಹೋದರೂ ಅದು ಜೊತೆಗೇ ಹೊರಡುತ್ತಿತ್ತು. ಇಪ್ಪತ್ತೆರಡು ವರ್ಷ ಕಂಡವರ ಮನೆಗಳಿಗೆಲ್ಲ ವೈರು ಎಳೆದ ಈ ಮನುಷ್ಯ ತನ್ನ ಮನೆಯ ಬಚ್ಚಲುಮನೆಗೆ ಕೈ ಹಾಕಿದ್ದು ಮಾತ್ರ ಹೆಂಡತಿ ಹೇಳಿ ಹೇಳಿ ಗಂಟಲು ಹರಿದುಕೊಂಡ ಮೇಲೆ.

ಅವಳು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಬಚ್ಚಲಿನ ವಾಷಿಂಗ್ ಮೆಷಿನ್ನಿನ ತಲೆಯ ಮೇಲೆ ಅವಳ ಹೇರ್ ಡ್ರೈಯರ್, ಮಗಳ ಕೂದಲು ನೆಟ್ಟಗೆ ಮಾಡುವ ಬಿಸಿ ಇಕ್ಕಳ, ಗಂಡನ ಟ್ರಿಮ್ಮರ್, ಅಪ್ಪನ ಶೇವರ್ ಎಲ್ಲವೂ ಬಿದ್ದಿರುತ್ತಿದ್ದವು. ನಾಲ್ಕರ ಬಾಲಗಳೂ ಒಂದಕ್ಕೊಂದು ಹೆಣೆದುಕೊಂಡು, ಒಂದನ್ನು ಎಳೆದರೆ ಉಳಿದ ಮೂರು ನೆಲ ಕಾಣುತ್ತಿದ್ದವು. ಚಾರ್ಜಿಗೆ ಹಾಕಬೇಕಾದರೆ ಹಜಾರಕ್ಕೆ ಹೊತ್ತು ತರಬೇಕು. ಅಲ್ಲಿ ಸೋಫಾ ಹಿಂದೆ ಒಂದೇ ಸಾಕೆಟ್ಟು, ಅದಕ್ಕೆ ಫೋನುಗಳ ಸರದಿ ಬೇರೆ.

ಈ ಸರದಿಯಲ್ಲಿ ಸದಾ ಸೋಲುತ್ತಿದ್ದವರು ಹೆಂಡತಿಯ ಅಪ್ಪ, ಟೆಸ್ಟರಣ್ಣನ ಮಾವ. ನಲವತ್ತು ವರ್ಷ ಕ್ಷೌರದ ಅಂಗಡಿ ನಡೆಸಿದ ಮನುಷ್ಯ. ಕೈ ನಡುಗಲು ಶುರುವಾದ ಮೇಲೆ, ಗಿರಾಕಿಯೊಬ್ಬನ ಕಿವಿಯ ಹಿಂದೆ ಸಣ್ಣದೊಂದು ಗೀರು ಬಿದ್ದ ದಿನವೇ, ಕತ್ತಿ ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಯ ಬಾಗಿಲು ಎಳೆದು ಮಗಳ ಮನೆಗೆ ಬಂದವರು. ಬಂದು ಎರಡು ವರ್ಷವಾಗಿತ್ತು. ಊಟ, ತಿಂಡಿ, ಟಿವಿ ಯಾವುದಕ್ಕೂ ತಕರಾರಿಲ್ಲ. ಒಂದೇ ಒಂದು ಹಟ: ಅವರ ಮುಖಕ್ಕೆ ಇನ್ನೊಬ್ಬರ ಕೈ ಬೀಳಕೂಡದು.

ಟೆಸ್ಟರಣ್ಣನ ಹೆಂಡತಿ ಒಮ್ಮೆ, ತಾನೇ ಮಾಡಿಕೊಡುತ್ತೇನೆ, ಅದರಲ್ಲೇನಿದೆ ಎಂದು ಹತ್ತಿರ ಹೋಗಿದ್ದಳು. ಆಗ ಅವರು ಹೇಳಿದ ಮಾತು ಟೆಸ್ಟರಣ್ಣನ ಕಿವಿಯಲ್ಲೂ ಕೂತಿತ್ತು.

"ಹಾಸಿಗೆ ಹಿಡಿದೋರಿಗೆ ಮನೆಗೆ ಹೋಗಿ ನಾನೇ ಮಾಡ್ತಿದ್ದೆ ಕಣಮ್ಮ. ಗಡ್ಡ ಹಿಡ್ಕೊಂಡು ಮುಖ ಆ ಕಡೆ ತಿರುಗಿಸಿದ್ರೆ ಆ ಕಡೆ, ಈ ಕಡೆ ತಿರುಗಿಸಿದ್ರೆ ಈ ಕಡೆ. ಆಗ ಅವರ ಕಣ್ಣು ಹೇಗಿರುತ್ತೆ ಅಂತ ನಾನು ನೋಡಿದ್ದೀನಿ. ನನಗೆ ಬೇಡ."

ಕತ್ತಿ ಹಿಡಿಯಲಾಗದ ಕೈಗೆ ಕೊನೆಗೆ ಉಳಿದದ್ದು ಕೆನ್ನೆಗೆ ಒತ್ತಿದರೆ ಸಾಕು ಎನ್ನುವ ಆ ಶೇವರ್ ಒಂದೇ. ಹಾಗಾಗಿ ಬಚ್ಚಲುಮನೆ ಒಡೆಸುವಾಗ ಟೆಸ್ಟರಣ್ಣ ಎಲ್ಲಕ್ಕಿಂತ ಮೊದಲು ಅಳತೆ ತೆಗೆದದ್ದು ಮಾವನದು. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಮೊಣಕೈಯ ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಅಲ್ಲಿಯೇ ಗೋಡೆ ಕೊರೆದು ಒಂದು ಗೂಡು. ಗೂಡಿಗೆ ಗಾಳಿಯಾಡುವ ತೂತುಗಳಿದ್ದ ಪುಟ್ಟ ಬಾಗಿಲು. ಒಳಗೆ ಮೂರು ಸಾಕೆಟ್ಟು. ಬಿಸಿ ಡ್ರೈಯರನ್ನು ಮೂತಿ ಕೆಳಗೆ ಮಾಡಿ ಇಡಲು ಸ್ಟೀಲಿನ ಲೋಟ. ಟೈಲ್ಸ್ ಮೇಸ್ತ್ರಿ ಕೂಡ, ಅಣ್ಣಾ, ಇಷ್ಟು ಮುತುವರ್ಜಿ ಹೆಂಡತಿಯ ಮೊದಲ ಹೆರಿಗೆಗೂ ಮಾಡಿರಲಿಕ್ಕಿಲ್ಲ ನೀನು, ಎಂದು ನಕ್ಕಿದ್ದ.

ಮಾವ ಗೂಡಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ಬಾಗಿಲನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದರು. ಅವರ ಲೆಕ್ಕದಲ್ಲಿ ಅದು ಸನ್ಮಾನ.

ಎರಡೇ ವಾರಕ್ಕೆ ತೊಂದರೆ ಶುರುವಾಯಿತು. ಶೇವರ್ ಅರ್ಧ ಕೆನ್ನೆಗೆ ಗೊಣಗಲು ಹತ್ತಿ, ಗದ್ದಕ್ಕೆ ಬರುವಷ್ಟರಲ್ಲಿ ನಿಂತೇ ಹೋಗುತ್ತಿತ್ತು. ಮಾವನ ಮುಖದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಪೊದೆ. ಇದು ಕೂದಲು ಕತ್ತರಿಸೋದಿಲ್ಲ, ಕೀಳುತ್ತೆ ಎಂದು ಅವರ ದೂರು. ಟೆಸ್ಟರಣ್ಣ ಹೋಗಿ ನೋಡಿದರೆ ಶೇವರಿನ ಹಸಿರು ದೀಪ ಚೆನ್ನಾಗಿ ಉರಿಯುತ್ತಿದೆ. ಬೆಳಿಗ್ಗೆ ನೋಡಿದರೂ ಉರಿಯುತ್ತಿದೆ, ಸಂಜೆ ನೋಡಿದರೂ ಉರಿಯುತ್ತಿದೆ. ಬ್ಯಾಟರಿ ಸತ್ತಿದೆ ಎಂದು ತೀರ್ಮಾನಿಸಿ ಹೊಸ ಶೇವರ್ ತಂದ. ಅದೂ ಹತ್ತು ದಿನಕ್ಕೆ ಹಳೆಯದರ ದಾರಿಯನ್ನೇ ಹಿಡಿಯಿತು.

ಆಗ ಮಾವನ ನಾಲಿಗೆಗೆ ಹುರುಪು ಬಂತು. ಮನೆಗೆ ಬಂದವರಿಗೆಲ್ಲ, ನೋಡಿ, ನಮ್ಮ ಅಳಿಯಂದಿರು ಊರಿಗೆಲ್ಲ ಬೆಳಕು ಕೊಡ್ತಾರೆ, ಮಾವನ ಗಡ್ಡಕ್ಕೆ ಮಾತ್ರ ಕರೆಂಟು ಕೊಡಲ್ಲ ಎಂದು ಮುಖ ತೋರಿಸುತ್ತಿದ್ದರು. ಗಡ್ಡ ಕೆರೆದುಕೊಂಡು ನಗುತ್ತಿದ್ದರು. ಟೆಸ್ಟರಣ್ಣನಿಗೆ ನಾಚಿಕೆ, ಆದರೂ ಮಾವ ಅಷ್ಟು ಮಾತಾಡಿದ್ದನ್ನು ಅವನು ಎರಡು ವರ್ಷದಲ್ಲಿ ಕಂಡಿರಲಿಲ್ಲ.

ಗುಟ್ಟು ಹಿಡಿದವಳು ಹೆಂಡತಿ. ಒಂದು ಮಧ್ಯಾಹ್ನ ಎರಡು ಕೈಯಲ್ಲೂ ಒದ್ದೆ ಬಟ್ಟೆ ಹಿಡಿದುಕೊಂಡು, ಬಚ್ಚಲಿನ ದೀಪ ಹಾಕದೆ ಒಳಗೆ ಹೋಗಿದ್ದಾಳೆ. ಗೂಡಿನ ಬಾಗಿಲು ತೆರೆದೇ ಇತ್ತು. ಒಳಗೆ ಹಸಿರು ದೀಪವಿಲ್ಲ. ಬಟ್ಟೆ ಕೆಳಗಿಟ್ಟು ಹೊರಗೆ ಬಂದು ಬಚ್ಚಲಿನ ದೀಪ ಹಾಕಿದಳು. ಗೂಡಿನಲ್ಲೂ ದೀಪ ಬಂತು. ಆರಿಸಿದಳು, ಅದೂ ಆರಿತು. ಮೂರು ಸಲ ಹೀಗೇ ಮಾಡಿ ನೋಡಿ, ಕೆಲಸದ ಮೇಲಿದ್ದ ಗಂಡನಿಗೆ ಫೋನು ಮಾಡಿದಳು.

"ರೀ, ನೀವು ಸಾಕೆಟ್ಟಿಗೂ ದೀಪಕ್ಕೂ ಗಂಟು ಹಾಕಿದ್ದೀರಾ?"

ಟೆಸ್ಟರಣ್ಣ ಹತ್ತಿದ್ದ ಏಣಿಯ ಮೇಲೇ ಕೂತುಬಿಟ್ಟ.

ಹಾಕಿದ್ದ. ಯಾಕೆಂದರೆ ಇಪ್ಪತ್ತೆರಡು ವರ್ಷದಿಂದ ಎಲ್ಲ ಬಚ್ಚಲುಮನೆಗೂ ಹಾಗೇ ಹಾಕುತ್ತ ಬಂದಿದ್ದ. ಕಸುಬಿಗೆ ಬಂದ ಹೊಸದರಲ್ಲಿ ಒಂದು ಮನೆಯವರು ಬಿಸಿ ಇಕ್ಕಳ ಆರಿಸದೆ ಹೊರಗೆ ಹೋಗಿ, ಪ್ಲಾಸ್ಟಿಕ್ ಕಪಾಟು ಕರಗಿ, ಮನೆಯೆಲ್ಲ ಹೊಗೆ ತುಂಬಿದ್ದನ್ನು ಕಣ್ಣಾರೆ ನೋಡಿದ್ದ. ಅಂದಿನಿಂದ ಅವನದೊಂದು ಶಪಥ: ಬಚ್ಚಲಿನ ದೀಪ ಆರಿದರೆ ಒಳಗಿನ ಸಾಕೆಟ್ಟೂ ಸಾಯಬೇಕು. ಇದನ್ನು ಮನೆಮನೆಗೂ ಪಾಠ ಹೇಳಿದವನು. ಚಾರ್ಜಿಗೆ ಹಾಕಿಡುವ ಸಾಮಾನು ಬಚ್ಚಲಿಗೆ ಬಂದದ್ದು ಈಚೆಗೆ. ಅಭ್ಯಾಸವಾದ ಕೈ ಅದನ್ನೆಲ್ಲ ಕೇಳಲಿಲ್ಲ. ಸಾಲದ್ದಕ್ಕೆ, ನಲವತ್ತು ವರ್ಷ ಅಂಗಡಿಯ ದೀಪ ಉಳಿಸಿ ಉಳಿಸಿ ಬದುಕಿದ ಮಾವ ಮನೆಯಲ್ಲಿ ಒಂದು ದೀಪವೂ ಸುಮ್ಮನೆ ಉರಿಯಲು ಬಿಡುತ್ತಿರಲಿಲ್ಲ. ಯಾರಾದರೂ ನೋಡಲು ಹೋದರೆ ಮೊದಲು ದೀಪ ಹಾಕುತ್ತಿದ್ದರು, ಶೇವರ್ ಚಾರ್ಜ್ ಆಗುತ್ತಿತ್ತು. ನೋಡಿ ಬಂದರೆ ಆರಿಸುತ್ತಿದ್ದರು, ಅದೂ ಮಲಗುತ್ತಿತ್ತು.

ಮತ್ತೆ ಬಂದ ಟೈಲ್ಸ್ ಮೇಸ್ತ್ರಿ, ದೀಪದ ಬುಡದಲ್ಲೇ ಕತ್ತಲು ಅನ್ನೋದು ನಿನ್ನ ನೋಡಿಯೇ ಇರಬೇಕು ಅಣ್ಣಾ ಎಂದು ಹಂಗಿಸುತ್ತಲೇ ಆರು ಟೈಲ್ಸ್ ಒಡೆದ. ಟೆಸ್ಟರಣ್ಣ ಬಾಯಿ ಮುಚ್ಚಿಕೊಂಡು ಗೂಡಿಗೆ ಬೇರೆಯೇ ಲೈನು ಎಳೆದ. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಸ್ವಿಚ್ಚು ಹಾಕಿದ. ಬಿಸಿ ಇಕ್ಕಳದ ಸಾಕೆಟ್ಟನ್ನು ಮಾತ್ರ ದೀಪದ ಜೊತೆಗೇ ಬಿಟ್ಟ. ಎಲ್ಲ ಮುಗಿದ ಮೇಲೆ ಟೆಸ್ಟರ್ ಇಟ್ಟು, ದೀಪ ಆರಿಸಿ, ಮತ್ತೆ ಟೆಸ್ಟರ್ ಇಟ್ಟು ನೋಡಿದ. ಶೇವರ್ ಒಂದು ಇಡೀ ದಿನ ಗೂಡಿನಲ್ಲಿ ಕೂತು ಹೊಟ್ಟೆ ತುಂಬಾ ಕರೆಂಟು ಕುಡಿಯಿತು.

ಮರುದಿನ ಬೆಳಿಗ್ಗೆ ಅದನ್ನು ತಾನೇ ತೆಗೆದು, ಪೂರ್ತಿ ಚಾರ್ಜು ಮಾವ, ಇನ್ನು ನನ್ನನ್ನು ಬೈಯುವ ಹಾಗಿಲ್ಲ ಎಂದು ಕೈಗೆ ಕೊಟ್ಟ. ಹೆಂಡತಿಯೂ ಬಾಗಿಲಿಗೆ ಬಂದು ನಿಂತಳು. ಇಷ್ಟು ದಿನ ಮಾವ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಈ ದಿನ ಅಳಿಯ ಹೊರಗೆ ಹೋಗಲಿಲ್ಲ. ತನ್ನ ಕೆಲಸ ನೋಡುವ ಆಸೆ.

ಶೇವರ್ ಗುಂಯ್ ಎಂದು ಜೋರಾಗಿಯೇ ಹಾಡಿತು. ಕೆನ್ನೆಗೆಂದು ಎತ್ತಿದ ಕೈ ಕಿವಿಗೆ ಹೋಯಿತು. ಅಲ್ಲಿಂದ ಇಳಿಸಿದರೆ ಗದ್ದವನ್ನು ದಾಟಿ ಎದೆಗೆ ಬಂತು. ಎಡಗೈ ಬಂದು ಬಲಗೈಯನ್ನು ಹಿಡಿದುಕೊಂಡಿತು. ಈಗ ಎರಡೂ ಸೇರಿ ನಡುಗಿದವು. ಕನ್ನಡಿಯಲ್ಲಿ ಮಾವ ಹುಬ್ಬು ಗಂಟಿಕ್ಕಿ, ತುಟಿ ಒಳಗೆ ಎಳೆದುಕೊಂಡು, ಕಸುಬುದಾರನ ಗಮನದಿಂದ ಆ ಮುಖವನ್ನೇ ನೋಡುತ್ತಿದ್ದರು. ಎರಡು ಸಲ ಕೆನ್ನೆಗೆ ತಾಗಿತು. ಮೂರನೆಯ ಸಲ ಶೇವರ್ ಕೈ ಜಾರಿ ಬೇಸಿನ್ನಿಗೆ ಬಿದ್ದು, ನಿಲ್ಲದೆ, ಬೆನ್ನ ಮೇಲೆ ಬಿದ್ದ ಜೀರುಂಡೆಯ ಹಾಗೆ ಸುತ್ತತೊಡಗಿತು.

ಟೆಸ್ಟರಣ್ಣ ಬಗ್ಗಿ ಅದನ್ನು ಆರಿಸಿದ. ಇಷ್ಟು ದಿನ ಆ ಮುಖದಲ್ಲಿ ಉಳಿದಿದ್ದ ಪೊದೆಗಳೆಲ್ಲ ತನ್ನ ಸಾಕೆಟ್ಟಿನಿಂದಾದವಲ್ಲ ಎಂದು ಅವನಿಗೆ ಆಗ ತಿಳಿಯಿತು. ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಅಪ್ಪಾ, ನಾನು ಒಂದು ಸಲ... ಎಂದು ಶುರುಮಾಡಿದಳು. ಮಾವ ತಲೆಯಾಡಿಸಿದ ರೀತಿಗೆ ಅಲ್ಲಿಗೇ ನಿಲ್ಲಿಸಿದಳು.

ಅವರು ಕನ್ನಡಿಯೊಳಗಿನ ಅಳಿಯನನ್ನು ನೋಡಿ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೊಂಕಾಗೇ ಇದ್ದಿದ್ರೆ ಅವಳಿಗೆ ಎಷ್ಟು ಅನುಕೂಲ ಆಗ್ತಿತ್ತು ನೋಡಿ ಅಳಿಯಂದ್ರೇ. ನೀವು ನೆಲಾನೂ ಸರಿ ಮಾಡ್ಬಿಟ್ರಿ."

ಟೆಸ್ಟರಣ್ಣ ಶೇವರನ್ನು ಬೇಸಿನ್ನಿನಿಂದ ಎತ್ತಿ ಗೂಡಿಗೆ ಇಟ್ಟ. ಡಾಕ್ಟರ ಹತ್ತಿರ ಹೋಗೋಣ ಎನ್ನೋಣವೆಂದರೆ ಮೂವರು ಡಾಕ್ಟರಿಗೆ ತೋರಿಸಿಯಾಗಿತ್ತು, ಮಾತ್ರೆಗಳೂ ಆಗಿದ್ದವು. ತಪ್ಪಾಯಿತು ಎನ್ನೋಣವೆಂದರೆ ಮಾಡಿದ ತಪ್ಪನ್ನು ತಿದ್ದಿಯೂ ಆಗಿತ್ತು. ಯಾವ ಗೋಡೆಯಲ್ಲಿ ಎಲ್ಲಿ ವೈರು ಸುಟ್ಟಿದೆ ಎಂದು ಅಂಗೈ ಇಟ್ಟು ಹೇಳುತ್ತಿದ್ದ ಮನುಷ್ಯ, ಸ್ಟೂಲಿನ ಮೇಲೆ ಕೂತ ಮಾವನ ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದ.

ಮಾವ ಟವೆಲ್ ಎಳೆದುಕೊಂಡು ಮುಖ ಒರೆಸಿಕೊಂಡರು. ಎದ್ದು ನಿಂತರು. ಬಾಗಿಲ ತನಕ ಹೋಗಿ, ಚೌಕಟ್ಟು ಹಿಡಿದುಕೊಂಡು, ತಿರುಗದೆಯೇ ಹೇಳಿದರು.

"ಆದ್ರೂ ಆ ಸಾಕೆಟ್ಟು ಇನ್ನೊಂದ್ಸಲ ಬಿಚ್ಚಿ ನೋಡಿ. ಇಂಥದ್ದೇ ಇನ್ನೊಂದು ತಪ್ಪು ಇರಬಹುದು."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಆಗಲಿ ಮಾವ ಎಂದ. ಎಂದ ಮೇಲೆ ಬಿಚ್ಚಲೇಬೇಕಲ್ಲ. ಮೈನ್ ಆರಿಸಿ ಬಂದು, ಅದೇ ಸ್ಟೂಲಿನ ಮೇಲೆ ಕೂತು, ಗೂಡಿನೊಳಗೆ ತಲೆ ಹಾಕಿ ಸಾಕೆಟ್ಟಿನ ಮುಚ್ಚಳ ತೆಗೆದ. ವೈರುಗಳು ಒಂದೊಂದೂ ತಮ್ಮ ತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಎಳೆದು ನೋಡಿದ, ಕೂದಲೆಳೆಯಷ್ಟೂ ಅಲುಗಲಿಲ್ಲ. ಅವನ ಕೆಲಸ ಅಷ್ಟು ಗಟ್ಟಿ.

ಹಜಾರದಿಂದ ಮಾವನ ದನಿ ಬಂತು. "ಏನಾದ್ರೂ ಸಿಕ್ತಾ?"

"ನೋಡ್ತಾ ಇದ್ದೀನಿ ಮಾವ," ಎಂದು ಟೆಸ್ಟರಣ್ಣ ಎರಡನೆಯ ಸಾಕೆಟ್ಟಿನ ಸ್ಕ್ರೂ ತಿರುಗಿಸಲು ಶುರುಮಾಡಿದ.