ತಾಮ್ರದ ಮೇಲಿನ ಎಡಗೈ

ಬರ್ನ್ ನಗರದಲ್ಲಿ ಚಿತ್ರಗಾರ ಡೂರ್ಸ್ ಲಾಯೆನೆಗರ್ ಅವರ ಮನೆಯ ಮೇಲಂತಸ್ತಿನಲ್ಲಿ ನಾವು ನಾಲ್ವರು ಹೆಂಗಸರು ಅವರ ಅಚ್ಚಿನ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದೆವು. ಬಾಬಿ ಎಂಬ ನನ್ನ ಪಾಲಿಗೆ ನೀಲಿ: ಆಕಾಶ, ಲಂಗ, ಹಾಲಿನ ಮೇಲಿನ ನೆರಳು. ಮೂವತ್ತು ವರ್ಷ ಕಳೆದರೂ ಆ ಕೋಣೆಯ ಗೋಂದಿನ ವಾಸನೆ ನನ್ನನ್ನು ಬಿಟ್ಟಿಲ್ಲ.

ಒಂಬತ್ತು ವರ್ಷ ಪ್ಯಾರಿಸ್ಸಿನಲ್ಲಿ ಸಿರಿವಂತರ ರೇಷ್ಮೆಯನ್ನು ಚಿತ್ರಿಸಿ ಮರಳಿದ ಮೇಲೆ ಡೂರ್ಸ್ ಬರೆದದ್ದು ರೈತರ ಅಡುಗೆಮನೆಗಳನ್ನು ಮಾತ್ರ. ಆ ಒಂಬತ್ತು ವರ್ಷಗಳ ನಡುವೆ ಲಾಂಗ್ನೌ ಹಳ್ಳಿಯಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಮಣ್ಣಿಗೂ ಬಾರದ ಅಣ್ಣನೊಂದಿಗೆ ತಂಗಿ ಟ್ರೀನಿ ಮಾತು ಬಿಟ್ಟಿದ್ದಳು.

ಒಂದು ಚಳಿಗಾಲ ಡೂರ್ಸ್, ತಾಯಿ ಚಾಕುವಿನಿಂದ ದಪ್ಪ ರೊಟ್ಟಿ ಕೊಯ್ಯುವ ಚಿತ್ರವನ್ನು ಅಚ್ಚು ತೆಗೆಯಲೆಂದು ತಾಮ್ರದ ತಗಡಿನ ಮೇಲೆ ಗೀರಿದರು. ಮೊದಲ ಪ್ರತಿಯನ್ನು ನೋಡಲು ಬರುವಂತೆ ತಂಗಿಗೆ ಹೇಳಿಕಳುಹಿಸಿದರು. "ಇದಕ್ಕೂ ಅವ್ಳ ಮನಸ್ಸು ಕರಗ್ದಿದ್ರೆ ಊರಿನ ಮನೆ ಬಾಗ್ಲು ನನಗೆ ಮುಚ್ಚಿದ ಹಾಗೇ" ಎಂದಿದ್ದರು.

ಮಂಗಳವಾರ ಸಂತೆಯಲ್ಲಿ ಬೆಣ್ಣೆ ಮಾರಿ ಟ್ರೀನಿ ಮೆಟ್ಟಿಲೇರಿ ಬಂದಳು. ಅಚ್ಚಿನವನು ಆಗಷ್ಟೇ ಕಳುಹಿಸಿದ ಒದ್ದೆ ಹಾಳೆಯನ್ನು ಡೂರ್ಸ್ ಅವಳೆದುರೇ ಬಿಚ್ಚಿದರು.

"ಯಾರೋ ಇವ್ಳು?"

"ಅಮ್ಮ ಕಣೇ."

"ಅಮ್ಮ ಬಲಗೈಲಿ ರೊಟ್ಟಿ ಕುಯ್ತಿದ್ಲಾ? ಪಾದ್ರಿ ಎಷ್ಟ್ ಬೈದ್ರೂ ಎಡಗೈ ಬಿಟ್ಟೋಳಲ್ಲ ಅವ್ಳು. ಕಣ್ಣನ್ನೂ ಪ್ಯಾರಿಸ್ಸಲ್ಲೇ ಮಾರ್ಕೊಂಡ್ ಬಂದ್ಯೇನೋ?"

ಡೂರ್ಸ್ ಬಿಳಿಚಿಕೊಂಡರು. ತಪ್ಪು ನನಗೆ ತಿಳಿಯಿತು. ತಗಡಿನಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬೀಳುತ್ತದೆ. ಅದಕ್ಕೇ ಗೀರುವವರು ಮೂಲ ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಗೀರುತ್ತಾರೆ.

"ಯಜಮಾನ್ರೇ, ಕನ್ನಡಿ ಇಟ್ಕೊಳ್ಲಿಲ್ವಾ?" ಎಂದೆ.

"ಇಟ್ಟಿದ್ದೆ, ಬಾಬಿ. ಕನ್ನಡೀಲಿ ಅಮ್ಮ ಅಮ್ಮನ ಥರಾನೇ ಕಾಣ್ಲಿಲ್ಲ. ತೆಗ್ದಿಟ್ಬಿಟ್ಟೆ. ಅಚ್ಚಲ್ಲಿ ತಿರುಗತ್ತೆ ಅನ್ನೋದೇ ಮರ್ತೋಯ್ತು."

ಅವರು ತಗಡನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದರು. ಅದರಲ್ಲಿ ಚಾಕು ಎಡಗೈಯಲ್ಲಿತ್ತು. ಟ್ರೀನಿ ಬುಟ್ಟಿ ಕೆಳಗಿಟ್ಟು ಆ ಕೈಯ ಮೇಲೆ ಬೆರಳಾಡಿಸಿದಳು.

"ಹೆಬ್ಬೆಟ್ಟಿನ ಗಾಯಾನೂ ಬರ್ದಿದ್ದೀಯಲ್ಲೋ..." ತಗಡನ್ನು ತನ್ನತ್ತ ಎಳೆದುಕೊಂಡು, "ಕಾಗ್ದ ನೀನಿಟ್ಕೋ. ಇದು ನಂಗೆ" ಎಂದಳು.

"ಅದಿಲ್ದೆ ಇನ್ನೊಂದು ಪ್ರತಿ ಹೇಗಮ್ಮ ತೆಗೆಯೋದು?" ಎಂದೆ ನಾನು.

"ನಮ್ಮಮ್ಮನ್ನ ಊರೋರ್ಗೆಲ್ಲ ಯಾಕ್ ಹಂಚ್ಬೇಕು?"

ಡೂರ್ಸ್ ನಕ್ಕರು. ಆ ಚಳಿಗಾಲದಲ್ಲಿ ಅದೇ ಮೊದಲು. ಅವಳು ತಗಡನ್ನು ಬೆಣ್ಣೆಯ ಬಟ್ಟೆಯಲ್ಲಿ ಸುತ್ತಿಕೊಂಡು, ಮೆಟ್ಟಿಲ ಬಳಿ ತಿರುಗಿದಳು: "ಭಾನ್ವಾರ ಊಟಕ್ ಬಾ. ಕನ್ನಡಿ ತರ್ಬೇಡ."

ಡೂರ್ಸ್ ಮುಂದೆ ನನಗೇ ಕೊಟ್ಟ ಆ ಒಂದೇ ಹಾಳೆ ಈಗ ನನ್ನಲ್ಲಿದೆ. ಅದರ ಲಂಗದ ನೀಲಿ ನಾನೇ ಹಚ್ಚಿದ್ದು. ಆ ತಾಯಿಯನ್ನು ನಾನು ಕಂಡವಳಲ್ಲ. ಆದರೂ ಕೆಲವು ಮಂಗಳವಾರ ಹಾಳೆಯನ್ನು ಕನ್ನಡಿಯ ಮುಂದೆ ಹಿಡಿಯುತ್ತೇನೆ. ಆಕೆ ಎಡಗೈಯಲ್ಲಿ ರೊಟ್ಟಿ ಕೊಯ್ಯುತ್ತಾಳೆ.