ಅರ್ಧಕ್ಕೆ ನಿಂತ ಸಾಲು

"ಈ ಕಲ್ಲಿಗೆಲ್ಲ ಬಾಯಿ ಕೊಟ್ಟಾಂವ ಯಾಂವ?"

ಗಾಡಿಯ ಚಾಪೆಯ ಮರೆಯಲ್ಲಿ ಕೂತು ಮಥುರಾಬಾಯಿ ಕೇಳಿದ್ದು ಯಾರನ್ನೂ ಅಲ್ಲ. ಗಾಡಿ ಹೊಡೆಯುವ ಯಾಕೂಬಸಾಬ ಎತ್ತುಗಳಿಗೆ ನೀರು ಕುಡಿಸಲು ಕೆರೆಗೆ ಇಳಿದಿದ್ದ. ಗಂಡ ಗೋವಿಂದ ಹಾಳುಗುಡಿಯ ಮುಂದಿನ ಶಾಸನದ ಕಲ್ಲಿಗೆ ಇದ್ದಿಲು ತಿಕ್ಕುತ್ತ ಕೂತಿದ್ದ. ಕಲ್ಲು ಕಪ್ಪಾದಂತೆ ಕೊರೆದ ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತಿದ್ದವು. ಮಗಳು ಸರಸ್ವತಿ, ಅವಳ ತಮ್ಮ ವ್ಯಂಕಟೇಶ ಇಬ್ಬರೂ ಅಪ್ಪನ ಹೆಗಲ ಮೇಲಿಂದ ಬಗ್ಗಿ, ಆ ಅಕ್ಷರಗಳ ಮೇಲೆ ಬೊಟ್ಟು ಆಡಿಸಿ ನೋಡುತ್ತಿದ್ದರು. ಆಳಂದದ ತವರಿನಲ್ಲಿ ಲಗ್ನ ಮುಗಿಸಿಕೊಂಡು ಜೇವರ್ಗಿಗೆ ಹೊರಟ ಗಾಡಿ ಅಫಜಲಪುರ ದಾಟುವಷ್ಟರಲ್ಲಿ ಹೀಗೆ ಎಷ್ಟು ಕಲ್ಲುಗಳ ಮುಂದೆ ನಿಂತಿತ್ತೋ. ಹೊಲದ ಬದುವಿನಲ್ಲಿ ನಿಂತ ಕಲ್ಲು ಕಂಡರೆ ಸಾಕು, ಎತ್ತುಗಳು ತಾವೇ ಹೆಜ್ಜೆ ಸಡಿಲಿಸುತ್ತಿದ್ದವು.

"ಮಾಸ್ತರ್ರ ಸಂಗಾಟ ಎತ್ತೂ ಸಾಲಿ ಕಲ್ತಾವ್ರಿ ಬಾಯಾರ," ಎಂದು ಬೆಳಿಗ್ಗೆ ಯಾಕೂಬಸಾಬ ನಕ್ಕಿದ್ದ. "ನಾ ಒಬ್ಬಾಂವನ ದಡ್ಡ ಉಳದೇನಿ."

ಮಥುರಾಬಾಯಿಗೆ ನಗು ಬಂದಿರಲಿಲ್ಲ. ಸರ್ಕಾರದ ಇಜಾಜತ್ತು, ಅಂದರೆ ಪರವಾನಗಿ, ಇಲ್ಲದ ಶಾಲೆ ಎಂದು ಜೇವರ್ಗಿಯಲ್ಲಿ ಗೋವಿಂದನ ಕನ್ನಡ ಶಾಲೆಗೆ ಪೊಲೀಸರು ಬೀಗ ಜಡಿದು, ಮತ್ತೆ ಕಲಿಸಿದರೆ ಜೇಲು ಎಂದು ಹೇಳಿ ಹೋಗಿದ್ದರು. ಅಂದಿನಿಂದ ಶಾಲೆ ಮನೆಯ ಪಡಸಾಲೆಗೆ ಬಂತು. ಪಾಟಿ, ಪುಸ್ತಕ ಯಾವುದೂ ಕಣ್ಣಿಗೆ ಬೀಳುವಂತಿಲ್ಲ. ಎಲ್ಲ ಪಾಠವೂ ಬಾಯಿಪಾಠ. ಅದಕ್ಕೊಂದು ಕಟ್ಟಳೆ ಇತ್ತು: ಒಬ್ಬರು ಅರ್ಧ ಸಾಲು ಹೇಳಿ ನಿಲ್ಲಬೇಕು, ಪಾಳಿ ಬಂದವರು ಉಳಿದದ್ದನ್ನು ಎತ್ತಿಕೊಳ್ಳಬೇಕು. ಅರ್ಧ ಸಾಲು ನೆಲಕ್ಕೆ ಬಿದ್ದರೆ ಆ ತಾಯಿ ಶಾರದೆಗೆ ಅಪಚಾರ. ಮಥುರಾಬಾಯಿಗೆ ಅಕ್ಷರ ಬಾರದು. ಆದರೆ ಚಿಕ್ಕಂದಿನಿಂದ ಪುರಾಣ ಹಚ್ಚಿದ ಕಡೆಯೆಲ್ಲ ಕಂಬಕ್ಕೆ ಒರಗಿ ಕೂತು ಕೇಳಿ ಬೆಳೆದ ಕಿವಿ ಅವಳದು. ಪಡಸಾಲೆಯಲ್ಲಿ ಮಕ್ಕಳು ತಡವರಿಸಿದರೆ ಉಳಿದರ್ಧ ಸಾಲು ಒಲೆಯ ಮುಂದಿನಿಂದಲೇ ಬರುತ್ತಿತ್ತು. ರೊಟ್ಟಿ ಬಡಿಯುವ ಕೈ ನಿಲ್ಲುತ್ತಿರಲಿಲ್ಲ.

ಕಲ್ಲಿನ ಮೇಲಿನ ಹಳೆಯ ಮಾತನ್ನು ಗೋವಿಂದ ಹಾಡುವ ಸಾಲಾಗಿ ಕಟ್ಟಿ ಎರಡು ಸಲ ಪೂರ್ತಿ ಹೇಳಿಕೊಟ್ಟ, ಆಮೇಲೆ ಅರ್ಧ ಹೇಳಿ ನಿಂತ: "ಇಟ್ಟ ಕಲ್ಲ ಕಾಯ್ದವರ ಮನೆಯಲ್ಲಿ ತೊಟ್ಟಿಲು ತೂಗಲಿ..."

"ಕಿತ್ತು ಒಗೆದವರ ಮನೆಯಲ್ಲಿ ದೀಪ ಉಳಿಯದಿರಲಿ," ಎಂದು ಮಕ್ಕಳು ಎತ್ತಿಕೊಂಡರು. ಮತ್ತೆ ಹೇಳಿದರು. ಮತ್ತೆ ಮತ್ತೆ ಹೇಳಿದರು. ಮಥುರಾಬಾಯಿಯ ತುಟಿಯೂ ಆಡಿತು.

ಆಗ ಅವಳು ಆ ಮನುಷ್ಯನನ್ನು ಕಂಡಳು. ಕೆರೆಯ ಮೆಟ್ಟಿಲ ಮೇಲೆ ಸೈಕಲ್ ಒರಗಿಸಿ ಕಾಲು ತೊಳೆಯುತ್ತಿದ್ದ. ಕಾಲು ಎಂದೋ ತೊಳೆದಾಗಿತ್ತು. ಆದರೂ ತೊಳೆಯುತ್ತಲೇ ಇದ್ದ.

"ಅಂದ್ರ ಕೇಳ್ರಿ, ಸಾಕು ಬರ್ರಿ. ಅಲ್ಲಿ ಯಾರೋ ಕಿವಿ ಕೊಟ್ಟು ಕುಂತಾರ."

ಗೋವಿಂದ ತಿರುಗಿ ನೋಡಿದ. "ಕೆರಿಗೆ ಬಂದಾಂವ ಕಾಲು ತೊಳೀದ ಮತ್ತೇನ್ ಮಾಡ್ತಾನ? ನಿನಗ ಗಿಡದ ನೆರಳೂ ಪೊಲೀಸ್ ಜವಾನನಂಗ ಕಾಣ್ತದ."

ಗಾಡಿ ಹೊರಟಾಗ ಸೈಕಲ್ ಅಲ್ಲಿರಲಿಲ್ಲ. ಭೀಮೆಯ ದಾರಿಯ ಕೆಂಧೂಳಿನಲ್ಲಿ ಅದರ ಗಾಲಿಯ ಗೆರೆ ಗಾಡಿಗಿಂತ ಮುಂದೆ ಮುಂದೆ ಹೋಗಿತ್ತು. ಮಥುರಾಬಾಯಿ ಆ ಗೆರೆಯನ್ನೇ ನೋಡುತ್ತ ಬಂದಳು. ಯಾರು ಏನು ಕೇಳಿದರೂ ತಲೆ ತಗ್ಗಿಸಿ ಕೂಡಬೇಕು, ತುಟಿ ಬಿಚ್ಚಬಾರದು ಎಂದು ಮಕ್ಕಳಿಗೆ ದಾರಿಯುದ್ದಕ್ಕೂ ಹೇಳಿದಳು.

ಹೊತ್ತು ಇಳಿಯುವಾಗ ಹೊಳೆದಂಡೆಯ ಚೌಕಿ ಬಂತು. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಪೊಲೀಸ್ ಅಮೀನ ದೌಲತರಾಯ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ. ಪಕ್ಕದಲ್ಲಿ ಕಾಲು ತೊಳೆದ ಮನುಷ್ಯ, ಈಗ ತಲೆಗೆ ಪೇಟ ಸುತ್ತಿಕೊಂಡು.

"ಎಲ್ಲಿಂದ ಬಂದ್ರಿ ಮಾಸ್ತರ್ರ?"

"ಆಳಂದದಿಂದ್ರಿ. ಲಗ್ನಕ್ಕ ಹೋಗಿದ್ದೆವು."

"ಮಕ್ಕಳ ಬೊಟ್ಟು ಕರ್ರಗ ಆಗ್ಯಾವಲ್ಲ?"

ಯಾಕೂಬಸಾಬ ನಡುವೆ ಬಂದ. "ದಾರ್ಯಾಗ ಒಲಿ ಹೂಡಿದ್ದೆವ್ರಿ ಸಾಹೇಬ್ರ. ಅಡಗಿ ಮಾಡಿದ್ದು ಬಾಯಾರು, ಮಸಿ ಹಚ್ಕೊಂಡದ್ದು ಹುಡುಗ್ರು."

"ನಿನ್ನ ಕೇಳಿಲ್ಲ ಸಾಬ." ಅಮೀನನ ದನಿ ಏರಲಿಲ್ಲ. "ಮನ್ಯಾಗ ಸಾಲಿ ನಡಸಾಕತ್ತೀರಂತಲ್ಲ ಮಾಸ್ತರ್ರ, ಖರೇ ಏನು?"

"ಇಲ್ರಿ. ಇವಕ್ಕ ಏನೂ ಬರಂಗಿಲ್ಲ."

ಅಮೀನ ಎದ್ದ. ಗಾಡಿಯ ಹತ್ತಿರ ಬಂದು ಎಲೆಯ ರಸ ಉಗುಳಿ, ಮಕ್ಕಳನ್ನು ನೋಡುತ್ತ, ಪೇಟದವನು ಕಲಿಸಿದ್ದನ್ನು ರಾಗವಾಗಿಯೇ ಹೇಳಿದ: "ಇಟ್ಟ ಕಲ್ಲ ಕಾಯ್ದವರ ಮನೆಯಲ್ಲಿ ತೊಟ್ಟಿಲು ತೂಗಲಿ..."

ಅಷ್ಟು ಹೇಳಿ ನಿಂತ.

ಸರಸ್ವತಿ ತುಟಿ ಕಚ್ಚಿದಳು. ವ್ಯಂಕಟೇಶ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿದ. ಅರ್ಧ ಸಾಲು ಗಾಳಿಯಲ್ಲಿ ತೂಗುತ್ತಿತ್ತು, ಇನ್ನೇನು ಬೀಳುತ್ತದೆ ಅನ್ನುವಂತೆ.

"ಕಿತ್ತು ಒಗೆದವರ ಮನೆಯಲ್ಲಿ ದೀಪ ಉಳಿಯದಿರಲಿ."

ಸಾಲು ಮುಗಿದ ಮೇಲೆಯೇ ಆ ದನಿ ತನ್ನದೆಂದು ಮಥುರಾಬಾಯಿಗೆ ತಿಳಿದದ್ದು. ಸೆರಗು ಬಾಯಿಗೆ ಒತ್ತಿಕೊಂಡಳು. ಗೋವಿಂದ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಅಮೀನನ ದವಡೆ ನಿಂತಿತು. "ನನ್ನ ಮನ್ಯಾಗ ದೀಪ ಉಳೀಬಾರದೇನ್ರಿ ಬಾಯಿ?" ಎಂದು ಮೆಲ್ಲಗೆ ಕೇಳಿದ. ಆಮೇಲೆ ಗೋವಿಂದನಿಗೆ, "ಒಲಿ ಮುಂದ ಕೂಡು ಹೆಣ್ಮಗಳಿಗೇ ಇಷ್ಟು ಬಂತಂದ್ರ, ಮಕ್ಕಳಿಗೆ ಏನೂ ಬರಂಗಿಲ್ಲೇನು?"

ಪೇಟದವನು ಗೂಟಕ್ಕೆ ತೂಗುಹಾಕಿದ್ದ ಬೇಡಿ ತೆಗೆದ. ಮಥುರಾಬಾಯಿ ಗಾಡಿಯಿಂದ ಇಳಿದಳೋ ಬಿದ್ದಳೋ. ಅಮೀನನ ಬೂಟಿನ ಮುಂದೆ ಸೆರಗೊಡ್ಡಿ ಕೂತಳು. ಸಾವಿರ ಸಾಲು ತಿಳಿದ ಬಾಯಿಗೆ ಆ ಹೊತ್ತಿಗೆ ಬೇಕಾದ ಒಂದೂ ಸಿಗಲಿಲ್ಲ.

ಅಮೀನ ಕೈ ಅಡ್ಡ ಹಿಡಿದು ಪೇಟದವನನ್ನು ತಡೆದ. "ಮಗಳ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡ್ರಿ ಮಾಸ್ತರ್ರ. ಇನ್ನ ಕಲಸಂಗಿಲ್ಲ ಅನ್ರಿ. ಹೊಳಿ ದಾಟ್ರಿ. ಇನ್ನೊಮ್ಮಿ ಈ ಹಾಡು ನನ್ನ ಕಿವಿಗೆ ಬಿತ್ತಂದ್ರ ಆಣಿ ಕೇಳಂಗಿಲ್ಲ, ಒಯ್ತೇನಿ."

ಗೋವಿಂದ ಮಗಳ ಬೈತಲೆಯ ಮೇಲೆ ಕೈ ಇಟ್ಟ. ಇದ್ದಿಲಿನ ಕೈ. "ಇನ್ನ ಕಲಸಂಗಿಲ್ಲ," ಅಂದ. ಮಕ್ಕಳ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಅದು ಮಕ್ಕಳಿಗೇ ತಟ್ಟುತ್ತದೆ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು.

"ಬಾಯಾರದೂ ಆಣಿ ಆಗ್ಲೇನ್ರಿ?" ಎಂದ ಪೇಟದವನು.

"ಬ್ಯಾಡ. ಅಕಿಗೆ ಅಕ್ಷರನ ಬರಂಗಿಲ್ಲ," ಅಂದ ಅಮೀನ.

ಬೇಸಿಗೆಯ ಭೀಮೆ. ನೀರು ಗಾಲಿಯ ನಡುವಿನ ಗುಂಬದವರೆಗೂ ಬರಲಿಲ್ಲ. ನಡುಹೊಳೆಯಲ್ಲಿ ಗೋವಿಂದ ಬಗ್ಗಿ ಕೈ ತೊಳೆದುಕೊಂಡ. ಉಗುರ ಸಂದಿಯ ಕಪ್ಪು ಹಾಗೇ ಉಳಿಯಿತು. ಯಾಕೂಬಸಾಬ ಗಾಡಿ ಹೊಡೆದ.

ಆಚೆಯ ದಂಡೆ ಹತ್ತಿ ತುಸು ದೂರ ಹೋಗಿರಬೇಕು. ಜೋಳದ ಕೂಳೆಗಳ ನಡುವೆ ವಾಲಿ ನಿಂತ ಒಂದು ಕಲ್ಲು ಕಂಡಿತು. ಎತ್ತುಗಳು ಹೆಜ್ಜೆ ಸಡಿಲಿಸಿ ನಿಂತವು. ಯಾಕೂಬಸಾಬ ಬಾರುಕೋಲು ಎತ್ತಿದ, ಹೊಡೆಯಲಿಲ್ಲ. ಗೋವಿಂದ ಇಳಿಯಲಿಲ್ಲ, ಕಲ್ಲಿಗೆ ಬೆನ್ನು ಮಾಡಿ ಕೂತ. ವ್ಯಂಕಟೇಶನಿಗೆ ನಿದ್ದೆ ಹತ್ತಿತ್ತು.

ಸರಸ್ವತಿ ಅವ್ವನ ಕಿವಿಯ ಹತ್ತಿರ ಸರಿದಳು. ಅವಳ ಬೈತಲೆಯಲ್ಲಿ ಅಪ್ಪನ ಬೆರಳುಗಳ ಮಸಿ ಇನ್ನೂ ಇತ್ತು.

"ಇಟ್ಟ ಕಲ್ಲ ಕಾಯ್ದವರ ಮನೆಯಲ್ಲಿ ತೊಟ್ಟಿಲು ತೂಗಲಿ..." ಎಂದು ಉಸಿರಿನಲ್ಲೇ ಹೇಳಿ ಕಾದಳು. ಗೋವಿಂದನ ಬೆನ್ನು ಅಲುಗಲಿಲ್ಲ. ಅವನೂ ಕಾಯುತ್ತಿದ್ದ.

"ಅವ್ವಾ, ನಿನ್ನ ಪಾಳಿ."

ಉಳಿದರ್ಧ ಸಾಲು ಮಥುರಾಬಾಯಿಯ ಗಂಟಲವರೆಗೂ ಏರಿ ಬಂತು. ಮಗಳ ಬೈತಲೆಯ ಮಸಿ ನೋಡಿ ಹಲ್ಲು ಕಚ್ಚಿ ಹಿಡಿದಳು. ಹೊಳೆಯ ಆಚೆ, ಬೇವಿನ ಗಿಡದ ಕೆಳಗೆ, ಯಾರೋ ಕಂದೀಲು ಹಚ್ಚುತ್ತಿದ್ದರು.

"ಹೇಳು ಅವ್ವಾ. ಅರ್ಧ ಬಿಡಬಾರದಲ್ಲ."

"ಹೇಳಂಗಿಲ್ಲ," ಅಂದಳು ಮಥುರಾಬಾಯಿ.