ಕ್ಯುಸಾಕನ ಗೋಡೆಯ ಮೇಲಿನ ಕೈಮರ

ನಾನು ಒಂದು ಕೈಮರ. ಹುಟ್ಟಿದ್ದು ಡಬ್ಲಿನ್ನಿನ ಎರಕದ ಮನೆಯೊಂದರಲ್ಲಿ, ಕರಗಿದ ಕಬ್ಬಿಣದಿಂದ. ಕಂಬದ ತುದಿಯಲ್ಲಿ ಒಂದೇ ಕೈ, ಅದರ ಮೇಲೆ ಉಬ್ಬಕ್ಷರ: ‘ಡರೀನ್ ಕೋಟೆ, ಎರಡು ಮೈಲಿ’. ಐರ್ಲೆಂಡಿನ ದಕ್ಷಿಣದಲ್ಲಿ ಹಳೆಯ ಊರುಗಳನ್ನೂ ಕೋಟೆಗಳನ್ನೂ ಪೋಣಿಸಿಕೊಂಡು ಹೋಗುವ ಹಳ್ಳಿದಾರಿಯ ಕವಲೊಂದರಲ್ಲಿ ನನ್ನನ್ನು ನೆಟ್ಟರು. ಬಲಕ್ಕೆ ಹೋದರೆ ಕೋಟೆ, ಎಡಕ್ಕೆ ಡೆಕ್ಲನ್ ಕ್ಯುಸಾಕನ ಹೋಟೆಲು. ನನ್ನ ಕೈ ಬಲಕ್ಕಿತ್ತು. ನಲವತ್ತು ವರ್ಷ ಒಂದು ಸುಳ್ಳೂ ಹೇಳಲಿಲ್ಲ. ಗಾಳಿ ಜೋರಾದ ದಿನ ಮಾತ್ರ, ಕೂದಲೆಳೆಯಷ್ಟು ಅಲುಗಿದೆನೇನೋ ಎಂದು ಸಂಜೆಯವರೆಗೂ ಕಳವಳಪಡುತ್ತಿದ್ದೆ.

ಕೋಟೆಯ ಬುಡದಲ್ಲಿ, ಊರಿನ ಪಂಪುಗಳನ್ನು ಕೂರಿಸುತ್ತಿದ್ದ ಮಲಕಿಯ ವಿಧವೆ ನೋರೀನ್ ಟೂಮಿ ಚಹಾದಂಗಡಿ ಇಟ್ಟಿದ್ದಳು. ಕಾರುಗಳು ನನ್ನ ಕೈ ನೋಡಿ ತಿರುಗಿದರೆ ಅವಳ ಒಲೆ ಉರಿಯುತ್ತಿತ್ತು. ವರ್ಷಕ್ಕೊಮ್ಮೆ ಬಂದು ಬಟ್ಟೆಯಿಂದ ನನ್ನ ಅಕ್ಷರಗಳ ಪಾಚಿ ಉಜ್ಜುತ್ತಿದ್ದಳು. “ನೆಟ್ಟಗಿರಪ್ಪಾ,” ಎನ್ನುತ್ತಿದ್ದಳು.

ಒಂದು ಏಪ್ರಿಲ್ ಮುಂಜಾನೆ, ದಟ್ಟ ಮಂಜಿನಲ್ಲಿ, ಯಾರೂ ಕಾಣದಂತೆ, ಕ್ಯುಸಾಕ್ ಏಣಿ ಹಾಕಿ ಹತ್ತಿದ. ನನ್ನ ಕತ್ತಿಗೆ ಗ್ರೀಸು ಬಳಿದ. ಹಲ್ಲಿನ ಸ್ಪ್ಯಾನರಿನಿಂದ ಕಚ್ಚಿ ಹಿಡಿದು ತಿರುವಿದ. ಹಲ್ಲುಗಳು ಕತ್ತಿನಲ್ಲಿ ಗೀರೆಳೆದವು. ನನ್ನ ಕೈ ಅವನ ಹೋಟೆಲಿನ ಕಡೆ ಹೊರಳಿತು.

ಆ ನಾಡಿನಲ್ಲಿ ಅಕ್ಟೋಬರ್ ಕೊನೆಗೆ ದೆವ್ವಗಳ ಹಬ್ಬ ಹ್ಯಾಲೋವೀನ್ ಬಂದರೆ ಪಡ್ಡೆ ಹುಡುಗರು ಕೈಮರ ತಿರುಗಿಸುವುದು ಹಳೆಯ ಚೇಷ್ಟೆ. ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. ಕ್ಯುಸಾಕನಿಗೆ ಇದ್ದ ಧೈರ್ಯ ಅದೇ.

“ಆ ಚೇಷ್ಟೆ ಅಕ್ಟೋಬರಿಗಲ್ವೇನೋ ಡೆಕ್ಲನ್?” ಎಂದು ನೋರೀನ್ ಆ ಮಧ್ಯಾಹ್ನ ಅವನನ್ನು ನನ್ನ ಬುಡದಲ್ಲೇ ತಡೆದು ಕೇಳಿದಳು.

“ಈ ವರ್ಷ ದೆವ್ವಗಳು ಬೇಗ ಬಂದ್ಬಿಟ್ಟಿವೆ ಕಣಮ್ಮಾ!”

ರಸ್ತೆಯವರು ಬಂದು ನನ್ನನ್ನು ಸರಿಪಡಿಸಿದರೆ, ವಾರದೊಳಗೆ ಅವನು ಮತ್ತೆ ತಿರುವುತ್ತಿದ್ದ. ಎರಡು ಬೇಸಿಗೆ ಹೀಗೇ ಕಳೆದವು. ಕೋಟೆ ಹುಡುಕಿ ಬಂದವರನ್ನು ಅವನು, “ಅಲ್ಲೇನಿದೆ, ಬರೀ ಕಲ್ಲು. ಮೊದಲು ಊಟ ಮಾಡಿ,” ಎಂದು ಕೂರಿಸುತ್ತಿದ್ದ. ನೋರೀನಳ ಒಲೆ ಆರಿತು. ಅಂಗಡಿಗೆ ಬೀಗ ಹಾಕಿದ ದಿನ ಅವಳು ನನ್ನ ಬಳಿ ಬಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲ. ಕಂಬಕ್ಕೆ ಒಂದೇಟು ಕೊಟ್ಟು, “ನೀನೂ ಸುಳ್ಳನಾದೆಯಲ್ಲೋ!” ಎಂದಳು.

ಆ ಮಾತಿಗೆ ಕ್ಯುಸಾಕ್ ಬೆಲೆ ತೆರಬೇಕೆಂದು ಅಂದೇ ನಿಶ್ಚಯಿಸಿದೆ. ಆದರೆ ಕಾಲಿಲ್ಲದವನು ಸೇಡು ತೀರಿಸುವುದು ಹೇಗೆ? ನೆನಪಿಟ್ಟುಕೊಂಡು. ಮೈಯೆಲ್ಲ ತುಕ್ಕು ಹಿಡಿಯಿತು. ಕತ್ತಿನ ಗಾಯಗಳನ್ನು ಮಾತ್ರ ತುಕ್ಕಿಗೆ ಬಿಟ್ಟುಕೊಡಲಿಲ್ಲ. ತಡೆದದ್ದು ನನ್ನ ಹಟವೋ, ಅವನು ಬಳಿದ ಗ್ರೀಸೋ, ಪ್ರಾಮಾಣಿಕವಾಗಿ ಹೇಳಲಾರೆ.

ಮೈಲಿ ಹೋಗಿ ಕಿಲೋಮೀಟರು ಬಂದಾಗ ನನ್ನನ್ನು ಕಿತ್ತರು. ಪ್ರವಾಸಿಗಳಿಗೆ ಅಂದ ಕಾಣಲಿ ಎಂದು ಕ್ಯುಸಾಕನೇ ನನ್ನನ್ನು ಕೇಳಿ ಪಡೆದು, ಉಜ್ಜಿ ತೊಳೆದು, ತನ್ನ ಹೋಟೆಲಿನ ಬಾರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ.

ಒಂದು ದಿನ ಊರಿನ ಹಳೆಯ ಅಂಚೆಯವನನ್ನು ಮಣ್ಣು ಮಾಡಿ ಎಲ್ಲರೂ ಅಲ್ಲಿಗೆ ಬಂದರು. ಮಣ್ಣು ಮಾಡಿದ ಮೇಲೆ ಜೊತೆಗೆ ಕುಡಿಯದೆ ಹೋದರೆ ಸತ್ತವನಿಗೆ ಅವಮಾನ ಎಂಬುದು ಆ ಊರಿನವರ ಭಾವನೆ. ಹಾಗಾಗಿ ನೋರೀನಳೂ ಬಂದಳು. ನನ್ನನ್ನು ಕಂಡು ಹತ್ತಿರ ಬಂದಳು. ಕತ್ತಿನ ಮೇಲೆ ಬೆರಳಾಡಿಸಿದಳು. ನಾಲ್ಕು ಗೀರು, ನಡುವೆ ಒಂದು ಖಾಲಿ.

“ಡೆಕ್ಲನ್, ನಮ್ಮ ಮಲಕಿ ಹೋದ ಮೇಲೆ ಗೇಟು ರಿಪೇರಿಗೆ ಅಂತ ಅವನ ಸ್ಪ್ಯಾನರು ತಗೊಂಡು ಹೋದೆಯಲ್ಲ, ಎಲ್ಲಿ?”

“ಸ್ಪ್ಯಾನರು ಊರಲ್ಲಿ ನೂರಿವೆ ಬಿಡಮ್ಮಾ.”

“ಹಲ್ಲು ಮುರಿದದ್ದು ಒಂದೇ.”

ಗೋರಿ ತೋಡುವ ಟೈಗ್ ಎದ್ದು ಬಂದು ಬಗ್ಗಿ ನೋಡಿದ. “ನಮ್ಮ ಬಾವಿ ಪಂಪಿನ ಮೇಲೂ ಇದೇ ಗೀರು. ಮಲಕಿ ಕೂರಿಸಿದ್ದು,” ಎಂದ. ಮಲಕಿ ಸತ್ತು ಆಗಲೇ ಹನ್ನೆರಡು ವರ್ಷವಾಗಿತ್ತು; ನನ್ನ ಕತ್ತಿಗೆ ಗೀರು ಬಿದ್ದದ್ದು ಅದರ ನಂತರ.

ಯಾರೂ ಕೂಗಾಡಲಿಲ್ಲ. ಟೈಗ್ ತನ್ನ ಲೋಟವನ್ನು ಅರ್ಧಕ್ಕೇ ಇಟ್ಟ. ಪಕ್ಕದವನೂ ಇಟ್ಟ. ಒಬ್ಬೊಬ್ಬರೇ ಟೋಪಿ ಹಾಕಿಕೊಂಡು ಹೊರಟರು. ಸತ್ತವನ ಹೆಸರಲ್ಲಿ ತುಂಬಿಸಿದ ಲೋಟವನ್ನು ಬಿಟ್ಟು ಹೋದವರು ಆ ಹೊಸ್ತಿಲು ಮತ್ತೆ ತುಳಿಯುವುದಿಲ್ಲ.

ನೋರೀನ್ ಕೊನೆಯಲ್ಲಿ ಹೋದಳು. ಹೋಗುವ ಮುನ್ನ ತೋಳಿನ ಅಂಚಿನಿಂದ ನನ್ನ ಅಕ್ಷರಗಳನ್ನು ಒಮ್ಮೆ ಒರೆಸಿದಳು.

ನನಗೆ ವಯಸ್ಸಾಗಿದೆ. ಇನ್ನು ಯಾವ ದಾರಿಯೂ ನನ್ನನ್ನು ಕೇಳುವುದಿಲ್ಲ. ಕ್ಯುಸಾಕ್ ನನ್ನನ್ನು ಕಿತ್ತೆಸೆಯಲಾರ, ಕಿತ್ತರೆ ತಪ್ಪೊಪ್ಪಿಕೊಂಡಂತೆ. ಖಾಲಿ ಬಾರಿನಲ್ಲಿ ಗಲ್ಲಾದ ಹಿಂದೆ ಒಬ್ಬನೇ ನಿಂತು ಲೋಟ ಒರೆಸುತ್ತಾನೆ. ನನ್ನ ಕೈ ನೇರ ಅವನ ತಲೆಯ ಕಡೆಗಿದೆ. ಮೊಳೆ ಹೊಡೆದವನು ಅವನೇ, ದಿಕ್ಕು ಆರಿಸಿದವನೂ ಅವನೇ. ಈಗ ಗಾಳಿಯೂ ಇಲ್ಲ. ಕೂದಲೆಳೆಯಷ್ಟೂ ಅಲುಗುವುದಿಲ್ಲ.